ತವರಿನ ತೊಟ್ಟಿಲು

ಚಳ್ಳಕೆರೆ
೧೪-೨-೨೦೦೫

ಪ್ರೀತಿಯ ಅವ್ವನಿಗೆ, ನಿನ್ನ ಮಂಗಳ ಮಾಡುವ ನಮಸ್ಕಾರ.

ಬಸುರಿಯ ವಾಂತಿ ತಾಳಲಾರದೆ ಶಿವರಂಜನಿ ದೇವಸಮುದ್ರಕ್ಕೆ ಬಂದಿರುವುದು ಒಳ್ಳೆಯದೇ ಆಯಿತು. ಕಾಗದ ಓದಿ ಹೇಳಲು ಪಕ್ಕದ ಮನೆಯವರನ್ನು ಕರೆಯಬೇಕಾಗಿಲ್ಲ. ನಿಧಾನವಾಗಿ ಓದು ತಂಗಿ.

ಬೆಂಗಳೂರಿನಿಂದ ನಿನ್ನೆ ಬಂದೆವು. ಶಿಲ್ಪಾಳ ತಲೆಯ ಸ್ಕ್ಯಾನಿಂಗ್ ಆಯಿತು. ಮಿದುಳಿನ ನರಗಳಿಗೆ ಮಯಲಿನ್ ಎಂಬ ಹೊದಿಕೆ ಇರುತ್ತದೆ ಅವ್ವ, ವೈರಿನ ಮೇಲಿನ ರಬ್ಬರಿನ ಹಾಗೆ. ಕೂಸಿನದು ಅಲ್ಲಲ್ಲಿ ಸವೆದಿದೆ. ಸವೆದದ್ದನ್ನು ದೇಹ ತಾನೇ ಸರಿಮಾಡಿಕೊಳ್ಳಬೇಕು. ಅದಕ್ಕೆ ಶಕ್ತಿ ಕೊಡುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯ. ಬಿ.ಎಸ್ಸಿಯಲ್ಲಿ ಅದರ ಚಿತ್ರ ಬರೆದು ಬಣ್ಣ ತುಂಬಿದ್ದೆ. ಈಗ ನನ್ನ ಕೂಸಿನಲ್ಲಿ ಅದೇ ಸೋತಿದೆ. ಕಡಲೆಕಾಯಿ ರಾಶಿ ಬಿದ್ದಿದ್ದರೂ ಕರೆಂಟು ಹೋದರೆ ನಮ್ಮ ಎದುರಿನ ಎಣ್ಣೆ ಮಿಲ್ಲು ನಿಂತುಬಿಡುತ್ತದಲ್ಲ, ಹಾಗೆ. ಮಾತ್ರೆ ಕೊಟ್ಟಿದ್ದಾರೆ. ನೋಡೋಣ ಎಂದರು.

ನಾನು ಸರಿಯಾಗಿ ಮಲಗಿ ಬಹಳ ದಿನವಾಯಿತು. ಅವಳ ಕಣ್ಣು ಮೆಲ್ಲಗೆ ಬಾಗಿಲ ಕಡೆ ಜಾರುತ್ತದೆ, ಅಲ್ಲಿ ಯಾರೋ ನಿಂತಂತೆ. ನಾನೂ ತಿರುಗಿ ನೋಡುತ್ತೇನೆ. ತಮ್ಮ ಸಿದ್ದಲಿಂಗೇಶನೂ ಹೀಗೇ ನೋಡುತ್ತಿದ್ದ, ಅಷ್ಟು ಚಿಕ್ಕವನು ತೀರಿಕೊಳ್ಳುವ ತನಕ. ಹೋದ ಸಲ ನೀನು ಅದನ್ನೇ ಕಂಡು, "ನನ್ ಮಗ ಆ ತೊಟ್ಲಾಗೇ ಕುಂತವ್ನೆ ಕಣೇ, ಕೂಸ್ನ ಕರೀತಾವ್ನೆ. ಅವನ್ ತೊಟ್ಲು ನಾನ್ಯಾಕೆ ಕಳಿಸ್ದೆನೇ, ಸುಟ್ ಹಾಕೇ ಅದನ್ನ" ಎಂದು ಎದೆ ಬಡಿದುಕೊಂಡೆ. ಓದಿದವಳೆಂಬ ಜಂಬದಲ್ಲಿ ನಿನ್ನನ್ನೇ ಬೈದೆ.

ಈಗ ಹೇಳುತ್ತೇನೆ, ಸುಡು ಅವ್ವ. ತೊಟ್ಟಿಲನ್ನು ನಾಳೆ ಬಸ್ಸಿನ ಮೇಲೆ ಹಾಕಿ ಕಳಿಸುತ್ತೇನೆ. ಈ ಕಾಯಿಲೆ ಎಲ್ಲಿಂದ ಬಂತೋ ಡಾಕ್ಟರಿಗೂ ಗೊತ್ತಿಲ್ಲವಂತೆ. ಶಿವಿಯ ಕೂಸಿಗೆ ಹೊಸದು ಮಾಡಿಸು.

ನಿನ್ನ ಮಗಳು,
ಸರ್ವಮಂಗಳ

ತಾ.ಕ.: ಶಿವಿ, ಇದನ್ನು ಮನಸ್ಸಿನಲ್ಲೇ ಓದಿಕೋ. ಡಾಕ್ಟರಿಗೆ ಗೊತ್ತಿದೆ. ಈ ಮೈಟೋಕಾಂಡ್ರಿಯ ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುತ್ತದೆ. ಅವ್ವನಿಂದ ಸಿದ್ದಲಿಂಗೇಶನಿಗೆ, ನನಗೆ, ನನ್ನಿಂದ ಶಿಲ್ಪಾಗೆ. ನಿನಗೆ ಎಷ್ಟು ಬಂದಿದೆಯೋ, ನಿನ್ನ ರಕ್ತವನ್ನೂ ನೋಡಬೇಕಂತೆ. ಅಕ್ಕನ ಜೊತೆಗೆ ಯಾರೂ ಇಲ್ಲ ಎಂದು ಹೇಳಿ ಈ ವಾರವೇ ಹೊರಟು ಬಾ. ಅವ್ವನಿಗೆ ಮಾತ್ರ ತೊಟ್ಟಿಲೇ ಕಾರಣವಾಗಿರಲಿ, ಅದನ್ನಾದರೆ ಸುಡಬಹುದು. ನೀನು ಸುಮ್ಮನಾದದ್ದು ಕಂಡು "ಮುಗೀತೇನೇ?" ಅಂತ ಕೇಳ್ತಾಳೆ. ಮುಗೀತು ಅನ್ನು.