ಅಕ್ಕನ ಕರಿ ಪರದೆ

ಹೊಸಪೇಟೆ
೧೭ ಆಗಸ್ಟ್ ೧೯೯೭, ಭಾನುವಾರ

ಪ್ರೀತಿಯ ಅಕ್ಕನಿಗೆ ತಮ್ಮ ಓಬಳಪ್ಪ ಮಾಡುವ ನಮಸ್ಕಾರಗಳು.

ಆರಾಮ ಇದ್ದೀಯಾ? ಬಳ್ಳಾರಿ ಡಾಕ್ಟರು ಬರೆದುಕೊಟ್ಟ ಗುಳಿಗೆ ಮರೆಯದೆ ತಗೊಳ್ಳುತ್ತಿದ್ದೀಯಾ? ಕಾಲುವೆಗೆ ನೀರು ಬಿಟ್ಟಿದ್ದಾರೆ, ಕಂಪ್ಲಿ ಕಡೆ ನಾಟಿ ಜೋರಾಗಿ ನಡೆದಿರಬೇಕು. ಹೊತ್ತು ಮುಳುಗಿದ ಮೇಲೆ ಗದ್ದೆ ಬದುವಿನ ಮೇಲೆ ಒಬ್ಬಳೇ ಹೋಗಬೇಡ. ಬೆಳಕು ಕಡಿಮೆಯಾದರೆ ನಿನಗೆ ಏನೂ ಕಾಣುವುದಿಲ್ಲ ಎಂಬುದನ್ನು ನೀನು ಅಲ್ಲಿ ಯಾರಿಗೂ ಹೇಳಿರುವುದಿಲ್ಲ, ನಿನ್ನ ಸ್ವಭಾವ ನನಗೆ ಗೊತ್ತು. ದುರ್ಗಕ್ಕತ್ತೆಯ ಮಂಡಿನೋವು ಹೇಗಿದೆ? ಎಣ್ಣೆ ಇಲ್ಲಿಂದ ಬೇಕಿದ್ದರೆ ಹೇಳಿ ಕಳಿಸಲಿ, ಬಸ್ಸಿನವರ ಕೈಲಿ ಕೊಟ್ಟು ಕಳಿಸುತ್ತೇನೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಊಟಕ್ಕೆ ತೊಂದರೆಯಿಲ್ಲ, ರೊಟ್ಟಿ ಮಾತ್ರ ನನ್ನ ಕೈಗೆ ದುಂಡಗೆ ಬರುವುದಿಲ್ಲ.

ಈ ಪತ್ರವನ್ನು ಅತ್ತೆಯ ಸೊಸೆ ಎರ್ರೆಮ್ಮ ನಿನಗೆ ಓದಿ ಹೇಳುತ್ತಾಳೆ, ಪಕ್ಕದಲ್ಲಿ ಅತ್ತೆಯೂ ಕೂತು ಕೇಳುತ್ತಾಳೆ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೋದ ವಾರ ಸಂತೆಗೆ ಬಂದವರ ಹತ್ತಿರ ಅತ್ತೆ, "ಹೊಳೆಮ್ಮ ಯಾಕೋ ಸಿಟ್ಟ ಮಾಡಿಕೊಂಡು ಬಂದು ಕುಂತಾಳ, ತಮ್ಮನ ಮ್ಯಾಲ ಅಷ್ಟು ಸಿಟ್ಟು ಒಳ್ಳೇದಲ್ಲ" ಎಂದು ಹೇಳಿ ಕಳಿಸಿದ್ದಳು. ನೀನು ಅಲ್ಲಿ ನನ್ನ ಬಗ್ಗೆ ಒಂದು ಮಾತೂ ಆಡಿಲ್ಲವೆಂದು ಅದರಿಂದಲೇ ತಿಳಿಯಿತು. ತಪ್ಪು ಮಾಡಿದವನು ನಾನು, ಬುದ್ಧಿಮಾತು ಕೇಳುತ್ತಿರುವವಳು ನೀನು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ. ತಂಗಿ ಎರ್ರೆಮ್ಮ, ಅತ್ತೆಗೆ ಕೇಳಿಸುವಂತೆ ಗಟ್ಟಿಯಾಗಿ ಓದು.

ಅಪ್ಪ ಸಂಡೂರಿನ ಗುಡ್ಡದಲ್ಲಿ ಅದಿರು ತುಂಬುತ್ತಿದ್ದ ಕಾಲದಲ್ಲಿ ನಮ್ಮ ಕೇರಿಯಿಂದ ಟೈಪಿಂಗ್ ಕಲಿಯಲು ಹೋದ ಮೊದಲ ಹುಡುಗಿ ನೀನು. ಕೋರ್ಟಿನ ಎದುರಿನ ಈ ಅಂಗಡಿ ನಿನ್ನದು. ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಕೀಲಿಗಳ ಮೇಲೆ ಇಟ್ಟವಳೂ ನೀನು. ಟೈಪ್‌ರೈಟರಿನ ಕಾಲ ಮುಗಿಯಿತು ಎಂದಾಗ ಬಳ್ಳಾರಿಗೆ ಬಸ್ಸಿನಲ್ಲಿ ಓಡಾಡಿ, ಬರೀ ಕೀಲಿ ಹೊಡೆದೇ ಕಂಪ್ಯೂಟರ್ ನಡೆಸುವ ಡಾಸ್ ಕಲಿತು ಬಂದೆ. ಕಂಪ್ಯೂಟರಿನ ಆ ಕರಿ ಪರದೆ ನಿನಗೆ ಎಷ್ಟು ಒಗ್ಗಿತ್ತೆಂದರೆ, ಕಣ್ಣಿನ ತೊಂದರೆ ಶುರುವಾದ ಮೇಲೂ ನಿನ್ನ ಕೆಲಸ ನಿಲ್ಲಲಿಲ್ಲ. ನಿನಗೆ ಈಗ ಕಾಣುವುದು ಕೊಳವೆಯಲ್ಲಿ ಇಣುಕಿದಷ್ಟೇ ಎಂದು ಡಾಕ್ಟರು ಹೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹೊರಗೆ ಬಂದು ನೀನು ಹೇಳಿದ್ದು ಇಷ್ಟೇ: "ಡಾಸಿನಾಗ ಸಾಲು ಯಾವತ್ತೂ ಎಡಕ್ಕ ಶುರು ಆಗತೈತಿ ನೋಡಪ. ನಾ ಅದನ್ನ ಹುಡುಕಬೇಕಾಗಿಲ್ಲ." ಆಜ್ಞೆಗಳೆಲ್ಲ ನಿನ್ನ ಬೆರಳಿನಲ್ಲಿದ್ದವು. ಹಳದಿ ಅಕ್ಷರ, ಕಪ್ಪು ಹಿನ್ನೆಲೆ. ನಾನು ಓದುತ್ತಿದ್ದೆ, ನೀನು ಹೊಡೆಯುತ್ತಿದ್ದೆ, ಹಾಗೆ ನಮ್ಮ ಅಂಗಡಿ ನಡೆಯುತ್ತಿತ್ತು.

ನನ್ನ ತಲೆ ಕೆಟ್ಟಿದ್ದು ಹಂಪಿ ಬಜಾರಿನ ಹೋಟೆಲಿನವನು ಬಂದ ದಿನ. ಫಾರಿನರ್‌ಗಳಿಗೆ ತಿಂಡಿಯ ಪಟ್ಟಿ ಬೇಕು, ಕಲ್ಲಿನ ಮಂಟಪದ ಚಿತ್ರವಿರಬೇಕು, ಅಕ್ಷರ ಬಳುಕಬೇಕು ಎಂದ. ನಮ್ಮ ಪರದೆ ನೋಡಿ, "ಇನ್ನೂ ಇದನ್ನ ಇಟಗೊಂಡೀರೇನ್ರಿ? ಬಸ್ ಸ್ಟ್ಯಾಂಡ್ ಕಡೆ ಎಲ್ಲಾರೂ ವಿಂಡೋಸ್ ಹಾಕಿಸ್ಯಾರ" ಎಂದು ನಕ್ಕು ಎದ್ದು ಹೋದ. ನನಗೆ ಮುಖ ಎತ್ತಲಾಗಲಿಲ್ಲ. ಅವತ್ತೇ ನಿನ್ನನ್ನು ಕೇಳಿದೆ. "ಬ್ಯಾಡ ಲೇ, ಅದರಾಗ ಬಾಣ ಹಿಡಕೊಂಡು ಓಡಾಡಬೇಕಂತ. ನನ್ನ ಕೈಲಿ ಆಗಂಗಿಲ್ಲ" ಎಂದೆ ನೀನು. ಅಷ್ಟು ಸ್ಪಷ್ಟವಾಗಿ ಹೇಳಿದ್ದೆ. ಆದರೂ ಎರ್ರೆಮ್ಮನ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆಂದು ನೀನು ಕಂಪ್ಲಿಗೆ ಹೋದಾಗ ನಾನು ಬಳ್ಳಾರಿಯಿಂದ ಕಂಪ್ಯೂಟರ್ ರಿಪೇರಿಯ ಗುಡ್ಡಪ್ಪನನ್ನು ಕರೆಸಿ ವಿಂಡೋಸ್ ಹಾಕಿಸಿಬಿಟ್ಟೆ. ನಮ್ಮ ಹಳೆಯ ಮಷೀನಿಗೆ ಅದು ಹೊರಲಾರದ ಹೊರೆ. ಚಾಲೂ ಮಾಡಿದರೆ ಗುರ್ ಎನ್ನುತ್ತ ಕೂರುತ್ತಿತ್ತು. ಆದರೆ ಪರದೆಯ ತುಂಬ ಬಣ್ಣ ಬಂದಾಗ ನನಗೆ ಹೊಸ ಅಂಗಡಿಗೇ ಯಜಮಾನನಾದ ಹಾಗಾಯಿತು.

ನೀನು ಊರಿಂದ ಬಂದವಳೇ ಕೈಕಾಲು ತೊಳೆದು ಅಂಗಡಿಗೆ ಬಂದೆ. ನಾನು ಬಾಯಿಬಿಟ್ಟು ಹೇಳಲಿಲ್ಲ, ನೀನೇ ಕೂತು ನೋಡಲಿ ಎಂದುಕೊಂಡೆ. ವಕೀಲರ ಗುಮಾಸ್ತ ಜಡೆಪ್ಪ ಒಂದು ಅರ್ಜಿ ಹಿಡಿದು ಕಾಯುತ್ತಿದ್ದರು. ನೀನು ದಿನದ ಹಾಗೆ ಆಜ್ಞೆ ಹೊಡೆದೆ. ಏನೂ ಆಗಲಿಲ್ಲ. ಮತ್ತೆ ಹೊಡೆದೆ. ಪರದೆಗೆ ಮುಖ ತೀರಾ ಹತ್ತಿರ ಒಯ್ದೆ. ಆ ಬಿಳಿ ಬೆಳಕಿಗೆ ನಿನ್ನ ಕಣ್ಣಲ್ಲಿ ನೀರು ಬಂತು. ನಾನು ಮೌಸನ್ನು ನಿನ್ನ ಕೈಗಿಟ್ಟು, "ಬಾಣ ನೋಡಕ್ಕ, ಅದನ್ನ ಆ ಚಿತ್ರದ ಮ್ಯಾಲ ಒಯ್ಯಿ" ಎಂದೆ. ನೀನು ಮೌಸನ್ನು ಮೇಜಿನ ಅಂಚಿನವರೆಗೂ ದೂಡುತ್ತ ಹೋದೆ, ಬಾಣ ಎಲ್ಲಿದೆಯೆಂದು ನಿನಗೆ ಸಿಗಲೇ ಇಲ್ಲ. ಜಡೆಪ್ಪ ನಕ್ಕರು. "ಏನ್ ಹೊಳೆಮ್ಮಕ್ಕ, ಮೂಗಿನ ಮುಂದ ಐತಿ, ಕಾಣವಲ್ದೇನು?" ಎಂದರು. ನಿನ್ನ ಕಣ್ಣಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನೂ ನಕ್ಕೆ ಅಕ್ಕ. "ನಮ್ಮಕ್ಕ ಹಳೇ ಕಾಲದಾಕಿ ಬಿಡ್ರಿ" ಎಂದು ಹೇಳಿ ಮೌಸನ್ನು ನಿನ್ನ ಕೈಯಿಂದ ತೆಗೆದುಕೊಂಡೆ.

ನೀನು ಬೈಯಲಿಲ್ಲ. ಕುರ್ಚಿಯನ್ನು ನನ್ನ ಕಡೆ ಸರಿಸಿ, "ನೀನ ಕುಂದ್ರು" ಎಂದೆ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದೆ. ಮಧ್ಯಾಹ್ನದ ಬಸ್ಸಿಗೆ ಮತ್ತೆ ಕಂಪ್ಲಿಗೆ ಹೊರಟುಹೋದೆ. ಬಸ್ ಸ್ಟ್ಯಾಂಡಿನ ತನಕ ಬಂದು ಬಿಡಬೇಕೆಂದು ನನಗೆ ಅನ್ನಿಸಲೂ ಇಲ್ಲ. ಅತ್ತೆ, ಕೇಳು: ನಿನ್ನ ಮಗಳಂಥವಳು ಸಿಟ್ಟಿನಿಂದ ಬಂದವಳಲ್ಲ.

ಮೊದಲ ಕೆಲವು ದಿನ ನಾನು ಕುಣಿದಾಡಿದೆ ಎಂದೇ ಹೇಳಬೇಕು. ಹೋಟೆಲಿನವನ ಪಟ್ಟಿ ಆಯಿತು, ಲಗ್ನಪತ್ರಿಕೆಗಳು ಬಂದವು, ದೋಣಿಮಲೈ ಕ್ವಾರ್ಟರ್ಸಿನಿಂದ ಒಬ್ಬರು ಬಂದು ಮಗುವಿನ ಹುಟ್ಟುಹಬ್ಬಕ್ಕೆ ಬಣ್ಣಬಣ್ಣದ ಕಾರ್ಡು ಮಾಡಿಸಿಕೊಂಡು ಹೋದರು. ಆಮೇಲೆ ಜಡೆಪ್ಪ ಕಾಲುವೆಯ ಕೊನೆಯ ಭಾಗದ ರೈತರನ್ನು ಕರೆದುಕೊಂಡು ಬಂದರು. ಮೇಲಿನವರು ತೂಬು ಒಡೆದು ನೀರು ತಿರುಗಿಸಿಕೊಳ್ಳುತ್ತಿದ್ದಾರೆ, ಸಸಿ ಮಡಿಯಲ್ಲೇ ಒಣಗುತ್ತಿದೆ, ಜಲ್ದಿ ಅರ್ಜಿ ಕೊಡಬೇಕು ಎಂದರು. ವಿಂಡೋಸಿಗೆಂದು ಗುಡ್ಡಪ್ಪ ಹಾಕಿದ್ದ ಕನ್ನಡದಲ್ಲಿ ಕೀಲಿಗಳ ಜಾಗವೇ ಬೇರೆ. ನಾನು ತಡವರಿಸುತ್ತ ಹೊಡೆದೆ, ಅವಸರದಲ್ಲಿ ಓದಿ ನೋಡದೆ ಪ್ರಿಂಟ್ ತೆಗೆದೆ. ಮರುದಿನ ಆ ರೈತರು ಅರ್ಜಿಯನ್ನು ಹಾಗೇ ವಾಪಸು ತಂದರು. ಅರ್ಧಕ್ಕರ್ಧ ಅಕ್ಷರಗಳಿಗೆ ಒತ್ತೇ ಇರಲಿಲ್ಲ. 'ನಮ್ಮ ಗದ್ದೆಗೆ' ಎಂಬುದು 'ನಮ ಗದೆಗೆ' ಆಗಿತ್ತು. ನೀರಾವರಿ ಕಚೇರಿಯಲ್ಲಿ ಅದನ್ನು ಒಬ್ಬರು ಗಟ್ಟಿಯಾಗಿ ಓದಿ, ಎಲ್ಲರೂ ನಕ್ಕು, ಸರಿಯಾಗಿ ಬರೆಸಿಕೊಂಡು ಬರ್ರಿ ಎಂದು ಕಳಿಸಿದ್ದರಂತೆ. ಅವರಲ್ಲಿ ಮುದುಕರೊಬ್ಬರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದರು: "ನಗಲಿ ಬಿಡಪ. ಆದರ ಒಂದು ದಿನದ ನೀರು ಹೋತು." ಜನರೆದುರು ನಗೆಪಾಟಲಾಗುವುದು ಎಂದರೇನೆಂದು ಆ ಮುಖ ನೋಡಿದಾಗ ನನಗೆ ಗೊತ್ತಾಯಿತು. ಅಕ್ಕ, ನಾನು ಕಂಡದ್ದು ಅವರ ಮುಖವನ್ನಲ್ಲ, ನಿನ್ನದನ್ನು.

ಜಡೆಪ್ಪ ಮಾತ್ರ, "ಅಕ್ಕಾರು ಎಲ್ಲ್ಯದಾರ? ಅವರನ್ನ ಕರೀರಿ" ಎಂದರು. ಆಗ ಅವರನ್ನು ಹೊರಗೆ ಕರೆದುಕೊಂಡು ಹೋಗಿ ನಿನ್ನ ಕಣ್ಣಿನ ವಿಷಯ ಹೇಳಿದೆ. ನೀನು ಹೇಳಬೇಡ ಎಂದಿದ್ದೆ, ಆದರೂ ಹೇಳಿದೆ. ಅವರು, "ನನಗ ಗೊತ್ತಿರಲಿಲ್ಲ, ನಕ್ಕೆ. ನೀ ಯಾಕ ನಕ್ಕೀ?" ಎಂದು ಕೇಳಿದರು.

ಗುಡ್ಡಪ್ಪನಿಗೆ ಫೋನು ಮಾಡಿ, ಬಂದು ಹಳೆಯದನ್ನು ಹಾಕಿಕೊಡು ಎಂದು ಬೇಡಿಕೊಂಡೆ. ಬಂದ. ಡಾಸ್ ಎಲ್ಲಿಗೂ ಹೋಗಿರಲಿಲ್ಲ, ಒಳಗೇ ಇತ್ತು. ಈಗ ಮಷೀನು ಚಾಲೂ ಮಾಡಿದರೆ ಮೊದಲು ಬರುವುದು ನಿನ್ನ ಕರಿ ಪರದೆಯೇ. ಬಣ್ಣ ಬೇಕಾದವನು 'ವಿನ್' ಎಂದು ಹೊಡೆದರೆ ವಿಂಡೋಸ್ ತೆರೆಯುತ್ತದೆ, ಬೇಡದವರಿಗೆ ಅದರ ಗೊಡವೆಯೇ ಇಲ್ಲ. ಅವತ್ತು ನಾನು ನಿನ್ನ ಹಳೆಯ ಕನ್ನಡ ಕೀಲಿಗಳಲ್ಲೇ ಅರ್ಜಿ ಹೊಡೆದೆ, ಈ ಸಲ ಜಡೆಪ್ಪ ಅಕ್ಷರ ಅಕ್ಷರ ಓದಿ ನೋಡಿದರು. ಇಂಜಿನಿಯರು ಹೋಗಿ ತೂಬು ಮುಚ್ಚಿಸಿದರಂತೆ. ಕೆಲವರ ಸಸಿಮಡಿ ಉಳಿಯಿತು, ಕೆಲವರದು ಉಳಿಯಲಿಲ್ಲ.

ಇಷ್ಟೆಲ್ಲ ಬರೆದು ನಿನ್ನನ್ನು ಬಾ ಎಂದು ಕರೆಯುವುದು ಸುಲಭ. ಕರೆಯಲು ನನಗೆ ಮುಖವಿಲ್ಲ. ಬರಬೇಕೆಂದು ಅನ್ನಿಸಿದರೆ ಹೇಳಿ ಕಳಿಸು, ನಾನೇ ಬಂದು ಕರೆದುಕೊಂಡು ಬರುತ್ತೇನೆ. ಇಲ್ಲಿಗೆ ಬರುವ ಮನಸ್ಸಿಲ್ಲದಿದ್ದರೆ ಕಂಪ್ಯೂಟರನ್ನು ಕಂಪ್ಲಿಗೆ ತಂದು ನಿನ್ನ ಮುಂದಿಡುತ್ತೇನೆ. ಅಲ್ಲೂ ಅರ್ಜಿ ಬರೆಸುವವರಿದ್ದಾರೆ, ಎದುರು ಕೂತು ಓದಲು ಎರ್ರೆಮ್ಮ ಇದ್ದಾಳೆ. ನಾನು ಎಲ್ಲಾದರೂ ಬೇರೆ ಕೆಲಸ ನೋಡಿಕೊಳ್ಳುತ್ತೇನೆ. ಯಾವುದು ಸರಿ ಎಂದು ಈ ಸಲ ನಾನು ನಿರ್ಧರಿಸುವುದಿಲ್ಲ.

ಅತ್ತೆಯ ಪಾದಗಳಿಗೆ ನನ್ನ ನಮಸ್ಕಾರ. ಎರ್ರೆಮ್ಮನಿಗೂ ಅವಳ ಮನೆಯವರಿಗೂ ನನ್ನ ನೆನಪು ಹೇಳು, ಕೂಸಿಗೆ ಮುತ್ತು.

ಇಂತಿ ನಿನ್ನ ತಮ್ಮ,
ಓಬಳಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಮಾತು ಬಿಟ್ಟಿದ್ದೆ. ವಿಂಡೋಸ್ ಹಾಕಿದ ದಿನವೇ ಗುಡ್ಡಪ್ಪ ನನ್ನನ್ನು ಕೇಳಿದ್ದ: "ಎರಡೂ ಇಟ್ಟುಕೊಳ್ಳಬಹುದ್ರಿ. ಮೊದಲು ಹಳೇದ ಬರೋ ಹಂಗ ಮಾಡಲೇನು? ಅಕ್ಕಾರಿಗೆ ಬೇಕಾಗತೈತಲ್ಲ?" ನಾನು, "ಬ್ಯಾಡ, ಅಕ್ಕ ಇನ್ನು ಮನಿಯಾಗ ಇರ್ತಾಳ" ಎಂದೆ. ನೀನು ಬಂದು ಕೀಲಿಗಳ ಮೇಲೆ ಕೈಯಿಡುವ ಮೊದಲೇ ನಾನು ನಿನ್ನನ್ನು ಅಂಗಡಿಯಿಂದ ಕಳಿಸಿಯಾಗಿತ್ತು. ಎರ್ರೆಮ್ಮ, ಇದನ್ನೂ ಓದು ತಂಗಿ. ಬಿಡಬೇಡ.