ಗೋಡೆಯ ನಕ್ಷೆಯಲ್ಲಿ ಇಲ್ಲದ ಮನೆ

ಅಬು ರಿಜ್ಕ್ ಮಾವನವರಿಗೆ,

ಸಲಾಂ. ನಾವು ಕಳೆದುಕೊಂಡ ಊರು ಐನ್ ಹಜಲ್‌ನ ನಕ್ಷೆಯನ್ನು ನೀವು ನಿರಾಶ್ರಿತರ ಶಿಬಿರದ ಗೋಡೆ ಮೇಲೆ ಬರೆಸಿದಾಗ, ನಮ್ಮಜ್ಜಿಯ ಮನೆ ಎಲ್ಲಿ ಎಂದು ಕೇಳಿದ್ದೆ. "ರೊಟ್ಟಿ ಸುಡೋಳಿಗೆ ಎಲ್ಲೀ ಮನೆಯಮ್ಮಾ? ಒಲೆ ಪಕ್ಕ ಬಿದ್ಕೊಂಡಿರ್ತಿದ್ಲು," ಎಂದು ಎಲ್ಲರೆದುರು ನಕ್ಕಿರಿ.

ಈಗ ಬ್ರಿಟಿಷರ ಕಾಲದ ಸರ್ವೆ ನಕ್ಷೆ ಸಿಕ್ಕಿದೆ. ಊರವರೆಲ್ಲರ ರೊಟ್ಟಿ ಸುಡುತ್ತಿದ್ದ ಊರೊಲೆಯ ಪಕ್ಕದಲ್ಲಿ ಅಜ್ಜಿಯ ಮನೆಯಿದೆ. ನೀವು ನಿಮ್ಮ ಎರಡಂತಸ್ತಿನ ಮನೆ ಬರೆಸಿಕೊಂಡ ಜಾಗದಲ್ಲಿರುವುದು ಊರವರೆಲ್ಲರೂ ಗೋಧಿ ತುಳಿಸುತ್ತಿದ್ದ ಕಣ.

ಶುಕ್ರವಾರ ನಮಾಜ್ ಮುಗಿಸಿ ಜನ ಹೊರಬರುವ ಹೊತ್ತಿಗೆ ಆ ಸರ್ವೆ ನಕ್ಷೆಯನ್ನು ನಿಮ್ಮ ನಕ್ಷೆಯ ಪಕ್ಕದಲ್ಲೇ ಅಂಟಿಸುತ್ತೇನೆ. ಗೋಡೆ ಎತ್ತರವಿದೆ, ದಯವಿಟ್ಟು ನಿಮ್ಮ ಏಣಿ ಕಳಿಸಿಕೊಡಿ.

ಅಜ್ಜಿಯ ಮನೆಯನ್ನು ಮೊದಲ ಸಲ ಕೆಡವಿದ ಸೈನಿಕನ ವಿಳಾಸ ನನಗೆ ಗೊತ್ತಿಲ್ಲ. ಎರಡನೇ ಸಲ ಕೆಡವಿದವರದು ಗೊತ್ತಿದೆ.

ರೊಟ್ಟಿ ಸುಡುವವಳ ಮೊಮ್ಮಗಳು,
ನಜ್ಲಾ