ಹರಾಜಿನಲ್ಲಿ ಸಿಕ್ಕ ನೋಟ್‌ಬುಕ್

ಜನವರಿ 20, 1902. ಪೀಟರ್ಸ್‌ಬರ್ಗ್, ಟ್ರಾನ್ಸ್‌ವಾಲ್, ದಕ್ಷಿಣ ಆಫ್ರಿಕಾ.

ಕುದುರೆಗಳಿಗೆ ನೀರು ಕುಡಿಸಿ ಬಂದೆ. ಲೆಫ್ಟಿನೆಂಟ್ ಟಲಿಯ ಕೋರ್ಟ್ ಮಾರ್ಷಲ್ ಇಂದು ಶುರು. ನಮ್ಮ ಬ್ರಿಟಿಷ್ ಸೇನೆಯ ವಿರುದ್ಧ ಕಾದಾಡಿ ಶರಣಾದ ಆರು ಬೋಯರರನ್ನು ಕೊಲ್ಲಿಸಿದ ಆರೋಪ. ಕೊಲ್ಲಿಸಿದ್ದು ನಿಜ. ಗುಂಡು ಹಾರಿಸಿದವರು ಒಂಬತ್ತು ಜನ. ನಾನೂ ಒಬ್ಬ.

ಟಲಿ ಹೇಳುವುದಿಷ್ಟೇ: ಕೈದಿಗಳನ್ನು ಉಳಿಸಬೇಡಿ ಎಂದು ಮೇಲಿನಿಂದ ಆಜ್ಞೆ ಬಂದಿತ್ತು. ಕ್ಯಾಪ್ಟನ್ ಪೆಲ್ಲೋ ಅದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಓದಿ ಹೇಳಿದ್ದರು. ಕ್ಯಾಪ್ಟನ್ ಅಕ್ಟೋಬರಿನಲ್ಲೇ ಸತ್ತರು. ನೋಟ್‌ಬುಕ್ ಎಲ್ಲಿ ಎಂದು ಕೇಳಿದರೆ, ಗೊತ್ತಿಲ್ಲ ಎಂದ.

ಅವನಿಗೆ ಗೊತ್ತು. ಸತ್ತವರ ಸಾಮಾನು ನಮ್ಮಲ್ಲೇ ಹರಾಜಾಗುವುದು ರೂಢಿ. ಹಣ ಮನೆಗೆ ಹೋಗುತ್ತದೆ. ಆ ದಿನ ಗಾಡಿ ಹತ್ತಿ ಹರಾಜು ಕೂಗಿದವನು ಟಲಿಯೇ. “ಇಲ್ಲಿ ಬರೆಯೋ ಹುಚ್ಚು ಇರೋನು ನೀನೊಬ್ಬನೇ, ಗ್ಯಾರಿಕ್. ತಗೋ!” ಎಂದು ಎಸೆದಿದ್ದ.

ಈಗ ಬರೆಯುತ್ತಿರುವುದು ಅದರಲ್ಲೇ.

ಕ್ಯಾಪ್ಟನ್ ಬರೆದಿದ್ದ ಹಾಳೆಗಳನ್ನು ಅಂದೇ ಹರಿದು ಚಹಾದ ಒಲೆಗೆ ಹಾಕಿದ್ದೆ. ಓದಲಿಲ್ಲ. ಸತ್ತವರ ಬರಹ ಓದುವುದು ಸಭ್ಯತೆಯಲ್ಲ ಎನ್ನಿಸಿತ್ತು.

ಜನವರಿ 21

ಮೊದಲ ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಹರಿದ ಹಾಳೆಯ ಮೇಲೆ ಕ್ಯಾಪ್ಟನ್ ಬರೆದ ಪೆನ್ಸಿಲ್ಲಿನ ಒತ್ತು ಇದರಲ್ಲಿ ಉಳಿದಿದೆ. ‘ಕೈದಿಗಳನ್ನು’ — ಒಂದು ಪದ ಸ್ಪಷ್ಟ. ಉಳಿದದ್ದರ ಮೇಲೆ ನನ್ನ ಶಾಯಿ. ಅದೇ ಪುಟದಲ್ಲಿ, ನನ್ನ ಕೈಬರಹದಲ್ಲಿ, ಗುಂಡು ಹಾರಿಸಿದ ಒಂಬತ್ತು ಹೆಸರು.

ಮ್ಯಾಕಿಗೆ ತೋರಿಸಿದೆ. ಅವನದು ನಾಲ್ಕನೆಯ ಹೆಸರು.

“ಒಲೆಗೆ ಹಾಕೋ ಪುಟ ಬಿಟ್ಟು ಇಟ್ಕೋಬೇಕಾದ್ದನ್ನ ಸುಟ್ಟಿದೀಯಲ್ಲೋ!” ಎಂದ. ಆಮೇಲೆ ಮೆಲ್ಲಗೆ, “ಬಾಯ್ಮುಚ್ಕೊಂಡಿರು. ನಾವು ಸಿಡ್ನಿ ಕಡೆಯೋರು. ಇಂಗ್ಲೆಂಡಿನೋನಾಗಿದ್ರೆ ಬೈದು ಬಿಡ್ತಿದ್ರು. ನಮ್ಮನ್ನ ಬಿಡಲ್ಲ.”

ಜನವರಿ 24

ಸಾಕ್ಷಿ ಹೇಳಿದೆ. ಟಲಿಯ ಪರ ವಾದಿಸುವ ಮೇಜರ್ ಸ್ಟ್ರಾಕನ್ ಕೇಳಿದರು:

“ಕ್ಯಾಪ್ಟನ್ನರ ನೋಟ್‌ಬುಕ್ ಯಾರ ಹತ್ರ ಇದೆ, ಗೊತ್ತಾ?”

“ಗೊತ್ತಿಲ್ಲ, ಸರ್.”

ಅದು ನನ್ನ ಅಂಗಿಯ ಜೇಬಿನಲ್ಲಿತ್ತು. ಟಲಿ ಕಿಟಕಿಯತ್ತ ನೋಡುತ್ತಿದ್ದ.

ಫೆಬ್ರವರಿ 25

ಟಲಿಗೆ ಮರಣದಂಡನೆ. ನಾಡಿದ್ದು ಬೆಳಿಗ್ಗೆ.

ಕಾವಲು ನನ್ನದು. ಚಹಾ ಒಯ್ದೆ.

“ಸರ್, ನೋಟ್‌ಬುಕ್ ಇನ್ನೂ ಇದೆ. ಮೇಜರ್‌ಗೆ ಕೊಡ್ತೀನಿ.”

“ಆಜ್ಞೆ ಉಳಿದಿದೆಯಾ?”

“ಒಂದು ಪದ.”

ನಕ್ಕ. “ಒಂದು ಪದಕ್ಕೆ ಒಂಬತ್ತು ಜನಾನಾ? ಹೆಸರೆಲ್ಲ ಬರ್ದಿದೀಯ ಅಂತ ಮ್ಯಾಕಿ ಹೇಳ್ದ. ದಡ್ಡ. ಆ ಬೋಯರ್‌ಗಳನ್ನ ಸಾಲಾಗಿ ನಿಲ್ಸಿದ್ದು ನಾನು. ಸಕ್ಕರೆ ಹಾಕಿಲ್ವಲ್ಲೋ ಇದಕ್ಕೆ.”

ಸಕ್ಕರೆ ತರಲು ಹೋದೆ. ಬರುವಷ್ಟರಲ್ಲಿ ಪಾದ್ರಿ ಒಳಗಿದ್ದರು. ನನ್ನನ್ನು ಬಿಡಲಿಲ್ಲ.

ಫೆಬ್ರವರಿ 27

ಆರು ಗಂಟೆಗೆ. ಲಾಯದಲ್ಲಿದ್ದೆ. ಕುದುರೆಗಳು ಕಿವಿ ನಿಮಿರಿಸಿದವು, ಅಷ್ಟೇ.

ಮಾರ್ಚ್ 3

ಟಲಿಯ ಸಾಮಾನು ಹರಾಜಿಗೆ ಬಂತು. ಮ್ಯಾಕಿ ಗಾಡಿ ಹತ್ತಿದ. ಜೀನು, ಬೂಟು, ಕ್ಷೌರದ ಪೆಟ್ಟಿಗೆ. ಯಾರೂ ಕೂಗಲಿಲ್ಲ. “ಏನ್ರೋ, ಬೂಟಿಗೇನಾಗಿದೆ?” ಎಂದವನೇ ಬೂಟು ಹಿಡಿದು ಇಳಿದುಬಿಟ್ಟ.

ಅಂದು ಆ ಆರು ಬೋಯರರು ಬಿಳಿ ಬಟ್ಟೆ ಎತ್ತಿ ಹಿಡಿದಿದ್ದರು. ಇದನ್ನು ಎಲ್ಲೂ ಬರೆದಿರಲಿಲ್ಲ. ಮೂರನೆಯವನು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ನನ್ನ ಗುಂಡು ಅವನಿಗೆ.

ಟಲಿಯನ್ನು ಇದು ಉಳಿಸುವುದಿಲ್ಲ. ಆದರೂ ನಾಳೆ ಪರೇಡ್ ಮುಗಿದ ಮೇಲೆ ನೋಟ್‌ಬುಕ್ಕನ್ನು ಮೇಜರ್ ಕೈಗೆ ಕೊಡುತ್ತೇನೆ. ಹೆಸರುಗಳ ಪುಟ ಹರಿಯುವುದಿಲ್ಲ. ಇನ್ನು ಯಾವ ಪುಟವನ್ನೂ ಹರಿಯುವುದಿಲ್ಲ. ಅದಕ್ಕೆ ಮೊದಲು ಮ್ಯಾಕಿಗೆ ಹೇಳಬೇಕು. ಹೊರಗೆ ಆ ಬೂಟಿನ ಮೇಲೆ ಕೈಯಿಟ್ಟು ಕೂತಿದ್ದಾನೆ. ಈಗಲೇ ಹೋಗಿ ಹೇಳುತ್ತೇನೆ.